ಮಿಲಾನ್ ರ‍್ಯಾಂಪ್‌ನಲ್ಲಿ ಅಥಣಿಯ ಚಪ್ಪಲಿ, ಕಿನ್ನಿಗೋಳಿಯಲ್ಲಿ ಅಜ್ಜಿಯ ಸೀರೆ

2025ರ ಜೂನ್ ಕೊನೆಯ ವಾರ. ಪಣಂಬೂರಿನಲ್ಲಿ ಆಗ ಬೀಚಿನ ಕಡೆ ಕಾಲು ಹಾಕುವ ಹಾಗೇ ಇಲ್ಲ. ರಾತ್ರಿಯಿಡೀ ಕಡಲಿನ ಮೊರೆತ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಕರೆಂಟು ಬಂದರೆ ಬಂತು. ಆ ದಿನವೂ ಕರೆಂಟು ಹೋಗಿತ್ತು. ಮಂಗಳೂರಿನಲ್ಲಿ ಫ್ಯಾಷನ್ ಡಿಸೈನ್ ಓದುವ ಚಿಕ್ಕಮ್ಮನ ಮಗಳು ನಮ್ಮ ಮನೆಗೆ ಬಂದವಳು, ಮೊಬೈಲಿನಲ್ಲಿ ಹದಿನೈದು ಪರ್ಸೆಂಟ್ ಚಾರ್ಜ್ ಉಳಿದಿದ್ದರೂ ಬಿಡದೆ ಮಿಲಾನ್ ಫ್ಯಾಷನ್ ವೀಕ್ ನೋಡುತ್ತಿದ್ದಳು. ಒಮ್ಮೆಲೇ ಕಿರುಚಿದಳು.

“ಅಕ್ಕ, ಇಲ್ನೋಡು! ದೊಡ್ಡಪ್ಪನ ಚಪ್ಪಲಿ!”

ನೋಡಿದರೆ ಹೌದು. ಪ್ರಾಡಾ ಕಂಪನಿಯ ಶೋ. ಸಪೂರ ಕಾಲಿನ ಹುಡುಗನೊಬ್ಬ ಮುಖದಲ್ಲಿ ಒಂದು ಗೆರೆ ನಗುವೂ ಇಲ್ಲದೆ ನಡೆದು ಬರುತ್ತಿದ್ದಾನೆ. ಕಾಲಿನಲ್ಲಿ ಹೆಬ್ಬೆರಳಿಗೊಂದು ಉಂಗುರ, ಪಾದದ ಮೇಲೆ ಅಗಲದ ಪಟ್ಟಿ, ಚಪ್ಪಟೆ ಅಟ್ಟೆ, ಜೇನು ಬಣ್ಣದ ಚರ್ಮ. ನಮ್ಮಲ್ಲಿ ಎಲ್ಲರೂ ಕೊಲ್ಹಾಪುರಿ ಅಂತ ಕರೆಯುವ ಅದೇ ಚಪ್ಪಲಿ.

ಅಪ್ಪನನ್ನು ಕರೆದು ತೋರಿಸಿದೆವು. ಬ್ಯಾಂಕಿನ ಕೆಲಸದಲ್ಲಿ ನಾಲ್ಕು ವರ್ಷ ಬೆಳಗಾವಿ ಜಿಲ್ಲೆಯಲ್ಲಿ ಇದ್ದವರು ಅವರು. ಕರಾವಳಿಯವರಿಗೆ ಬ್ಯಾಂಕಿನ ವರ್ಗಾವಣೆಯೇ ಕರ್ನಾಟಕ ದರ್ಶನ ಅಲ್ವಾ? ಕನ್ನಡಕ ಸರಿಮಾಡಿಕೊಂಡು ನೋಡಿ, “ಚಪ್ಪಲಿ ನನ್ನದೇ. ಆದರೆ ನಾನು ಅಥಣಿಯಲ್ಲಿ ತಗೊಂಡದ್ದು. ಕೊಲ್ಹಾಪುರಕ್ಕೆ ನಾನು ಹೋದವನೇ ಅಲ್ಲ” ಅಂದರು. ಅವರ ಆ ಜೋಡಿ ಆಗ ಅಟ್ಟದ ಮೇಲೆ ಪೇಪರಿನಲ್ಲಿ ಸುತ್ತಿಕೊಂಡು ಮಲಗಿತ್ತು. ನಮ್ಮ ಮಳೆಗೆ ಆ ಚರ್ಮ ತಡೆಯುವುದಿಲ್ಲ. ನೀರು ಕುಡಿದರೆ ಅಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ. ಜೂನ್‌ನಿಂದ ದೀಪಾವಳಿಯವರೆಗೆ ಪಣಂಬೂರಿನಲ್ಲಿ ರಬ್ಬರ್ ಚಪ್ಪಲಿಯದೇ ಫ್ಯಾಷನ್ ವೀಕ್.

ತಂಗಿಗೆ ಕಾಲೇಜಿನಲ್ಲಿ ಒಂದು ಅಸೈನ್‌ಮೆಂಟ್ ಇತ್ತು. ಈ ಸೀಸನ್ನಿನ ಯಾವುದಾದರೂ ಒಂದು ಕಲೆಕ್ಷನ್ ನೋಡಿ ನಿಮ್ಮ ಪ್ರತಿಕ್ರಿಯೆ ಬರೆಯಿರಿ ಅಂತ. “ಸಿಕ್ಕಿತು ನನ್ನ ಟಾಪಿಕ್” ಅಂದಳು. ಅವಳ ಜೊತೆ ಓದುತ್ತಾ, ವಾದ ಮಾಡುತ್ತಾ ನನಗೆ ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಫ್ಯಾಷನ್ ವೀಕ್ ರೀಲ್‌ಗಳಲ್ಲಿ ಬಂದುಹೋಗುತ್ತದೆ, ಆದರೆ ಅದಕ್ಕೂ ಒಂದು ಪಂಚಾಂಗ ಇದೆ. ಗಂಡಸರ ಉಡುಪಿನ ಶೋಗಳು ಹೆಚ್ಚಾಗಿ ಜನವರಿ ಮತ್ತು ಜೂನ್‌ನಲ್ಲಿ. ಹೆಂಗಸರದು ಫೆಬ್ರವರಿ-ಮಾರ್ಚ್ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ನ್ಯೂಯಾರ್ಕ್, ಲಂಡನ್, ಮಿಲಾನ್, ಪ್ಯಾರಿಸ್ ಅಂತ ಒಂದು ಸುತ್ತು. ರ‍್ಯಾಂಪ್ ಮೇಲೆ ಇಂದು ಕಂಡದ್ದು ಅಂಗಡಿಗೆ ಬರುವುದು ಸುಮಾರು ಆರು ತಿಂಗಳ ನಂತರ. ಅದಕ್ಕೇ 2025ರ ಜೂನ್ 22ರಂದು ಮಿಲಾನ್‌ನಲ್ಲಿ ನಡೆದ ಪ್ರಾಡಾ ಶೋದ ಹೆಸರಿನಲ್ಲಿ 2026ರ ಬೇಸಿಗೆ ಅಂತ ಇದ್ದದ್ದು. ಶೋ ಮತ್ತು ಅಂಗಡಿಯ ನಡುವಿನ ಈ ಆರು ತಿಂಗಳು ಇದೆಯಲ್ಲ, ನಮ್ಮಂಥ ನೋಡುಗರ ಮಾತಿಗೆ ಏನಾದರೂ ಬೆಲೆ ಇದ್ದರೆ ಆಗಲೇ.

ಮೊದಲು ಒಂದು ಮುಜುಗರದ ಸತ್ಯ ಹೇಳಿಬಿಡುತ್ತೇನೆ. ಶೋ ಚೆನ್ನಾಗಿತ್ತು. ತೆಳು ಬಟ್ಟೆ, ಮಕ್ಕಳ ಚಡ್ಡಿಯ ಹಾಗೆ ಕಾಣುವ ಗಿಡ್ಡ ಶಾರ್ಟ್ಸ್, ಅದರ ಕೆಳಗೆ ಬರಿಗಾಲಿನಷ್ಟೇ ಹಗುರವಾಗಿ ಕಾಣುವ ಆ ಚಪ್ಪಲಿ. ಊರಿನ ಮದುವೆಯಲ್ಲಿ ಪಂಚೆಯ ಕೆಳಗೆ, ಕಾಲೇಜಿನಲ್ಲಿ ಜುಬ್ಬಾ ಹಾಕಿದ ಮೇಷ್ಟ್ರ ಕಾಲಿನಲ್ಲಿ ಮಾತ್ರ ನೋಡಿದ್ದ ನನಗೆ, ಈ ಚಪ್ಪಲಿಯ ರೇಖೆ ಇಷ್ಟು ಚೆಂದ ಅಂತ ಗೊತ್ತಾಗಲು ಮಿಲಾನ್ ಬೇಕಾಯಿತು. ಸಿಟ್ಟಿನ ಒಂದು ಪಾಲು ನನ್ನ ಮೇಲೇ ಬಂತು.

ಉಳಿದ ಪಾಲು ಎಲ್ಲರಿಗೂ ಬಂದದ್ದೇ. ಶೋದ ವಿವರಣೆಯಲ್ಲಿ ಅದು ಬರೀ ‘ಚರ್ಮದ ಸ್ಯಾಂಡಲ್’. ಭಾರತ ಇಲ್ಲ, ಕೊಲ್ಹಾಪುರ ಇಲ್ಲ, ಅಥಣಿಯಂತೂ ಇಲ್ಲವೇ ಇಲ್ಲ. ಬೆಲೆ ಲಕ್ಷ ರೂಪಾಯಿ ದಾಟುತ್ತದಂತೆ ಅಂತ ಸುದ್ದಿ ಹಬ್ಬಿತು. ನಮ್ಮಲ್ಲಿ ಸಾವಿರ ರೂಪಾಯಿಗೆ ಚೌಕಾಸಿ ಮಾಡಿ ತರುವ ವಸ್ತು ಅದು. ಮೀಮ್‌ಗಳು ಬಂದವು, ಭಾಷಣ ಬಂತು, ಮಹಾರಾಷ್ಟ್ರದ ವಾಣಿಜ್ಯ ಮಂಡಳಿ ಪ್ರಾಡಾಕ್ಕೆ ಪತ್ರ ಬರೆಯಿತು. ಕೆಲವೇ ದಿನಗಳಲ್ಲಿ ಕಂಪನಿಯ ಉತ್ತರವೂ ಬಂತು: ಈ ಚಪ್ಪಲಿಗೆ ಸ್ಫೂರ್ತಿ ಭಾರತದ ಸಾಂಪ್ರದಾಯಿಕ ಕೈಕಸುಬಿನ ಪಾದರಕ್ಷೆಯೇ ಹೌದು, ವಿನ್ಯಾಸ ಇನ್ನೂ ಆರಂಭದ ಹಂತದಲ್ಲಿದೆ, ಕುಶಲಕರ್ಮಿಗಳ ಜೊತೆ ಮಾತಾಡಲು ಸಿದ್ಧ ಅಂತ.

ಈ ಗಲಾಟೆಯಲ್ಲಿ ಕರ್ನಾಟಕ ಎಲ್ಲಿ? ಅಪ್ಪನ ಪ್ರಶ್ನೆ ಅದೇ. ಟಿವಿಯ ಪ್ರತಿ ಚರ್ಚೆಯಲ್ಲೂ ಅದು ‘ಮಹಾರಾಷ್ಟ್ರದ ಹೆಮ್ಮೆ’. ಆದರೆ 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ ಟ್ಯಾಗ್ ಸಿಕ್ಕಿದಾಗ ಅದು ಎಂಟು ಜಿಲ್ಲೆಗಳಿಗೆ ಸೇರಿ ಸಿಕ್ಕಿದ್ದು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ. ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ನಾಲ್ಕಕ್ಕೆ ನಾಲ್ಕು, ಸರಿಸಮ. ಹಕ್ಕುದಾರರೂ ಇಬ್ಬರು: ಅಲ್ಲಿಯ ಲಿಡ್ಕಾಂ, ಇಲ್ಲಿಯ ಲಿಡ್ಕರ್, ಅಂದರೆ ನಮ್ಮ ಡಾ. ಬಾಬು ಜಗಜೀವನ್ ರಾಂ ಚರ್ಮ ಕೈಗಾರಿಕೆ ಅಭಿವೃದ್ಧಿ ನಿಗಮ. ಮಹಾರಾಷ್ಟ್ರಕ್ಕೊಂದಕ್ಕೇ ಹಕ್ಕು ಹೋಗದ ಹಾಗೆ ಲಿಡ್ಕರ್ ಹೋರಾಡಿದ್ದನ್ನು ಸಚಿವ ಪ್ರಿಯಾಂಕ್ ಖರ್ಗೆ ಆ ವಾರ ನೆನಪಿಸಿದರು. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದಲ್ಲಿ ತಲೆಮಾರುಗಳಿಂದ ಈ ಚಪ್ಪಲಿ ಮಾಡುವವರಿದ್ದಾರೆ, ಅವರು ಮಾಡಿದ್ದು ಪಕ್ಕದ ಊರಿನ ಪೇಟೆಗೆ ಹೋಗಿ ಪಕ್ಕದ ಊರಿನ ಹೆಸರಿನಲ್ಲಿ ಮಾರಾಟವಾಗುತ್ತದೆ ಅನ್ನುವುದು ಅವರ ಮಾತಿನ ಸಾರ.

ಹಾಗಾದರೆ ಪ್ರಾಡಾ ಮಾಡಿದ್ದನ್ನು ನಾವು ಮೊದಲೇ, ಮನೆಯೊಳಗೇ ಮಾಡಿಕೊಂಡಿದ್ದೇವೆ ಅಂತಾಯಿತಲ್ಲ! ತಂಗಿ ತನ್ನ ಅಸೈನ್‌ಮೆಂಟಿನ ಮೊದಲ ಪ್ಯಾರಾ ಅಳಿಸಿದಳು.

ಆ ಚಪ್ಪಲಿ ಆಗುವ ರೀತಿ ಕೇಳಿದರೆ ಸಾವಿರ ರೂಪಾಯಿಗೆ ಚೌಕಾಸಿ ಮಾಡಿದ್ದಕ್ಕೆ ನಾಚಿಕೆಯಾಗುತ್ತದೆ. ಎಮ್ಮೆ, ಕೋಣದ ಹಸಿ ಚರ್ಮವನ್ನು ಸುಣ್ಣದಲ್ಲಿ ನೆನೆಸಿ, ಕೂದಲು ತೆಗೆದು, ಚೀಲದ ಹಾಗೆ ಹೊಲಿದು, ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ನೀರು ತುಂಬಿ ತೂಗುಹಾಕುತ್ತಾರೆ. ಒಳಗಿನ ಒಗರು ನೀರು ನಿಧಾನಕ್ಕೆ ಜಿನುಗುತ್ತಾ ಚರ್ಮವನ್ನು ಹದ ಮಾಡುತ್ತದೆ. ದಿನಗಟ್ಟಲೆ ಕೆಲಸ. ಆ ಜೇನು ಬಣ್ಣ ಮೇಲೆ ಬಳಿದದ್ದಲ್ಲ, ತೊಗಟೆ ಕೊಟ್ಟದ್ದು. ಒಳ್ಳೆಯ ಜೋಡಿಯಲ್ಲಿ ಒಂದು ಮೊಳೆಯೂ ಇರುವುದಿಲ್ಲ, ಚರ್ಮದ ದಾರದಲ್ಲೇ ಹೊಲಿಗೆ. ಮೇಲಿನ ಪಟ್ಟಿಯ ಹೆಣಿಗೆ, ಜಡೆಯಂಥ ನೇಯ್ಗೆ ಹೆಚ್ಚಾಗಿ ಮನೆಯ ಹೆಂಗಸರ ಕೈಯದು. ಅಥಣಿಯಲ್ಲಿ ‘ಟೋಹೋಲ್ಡ್’ ಅನ್ನುವ ಹೆಸರಿನಲ್ಲಿ ಇದೇ ಹೆಂಗಸರು ಸಂಘ ಕಟ್ಟಿಕೊಂಡು ವಿದೇಶದ ಗ್ರಾಹಕರಿಗೂ ಚಪ್ಪಲಿ ಕಳಿಸಿದ್ದು ಪ್ರಾಡಾ ಶೋಗಿಂತ ಎಷ್ಟೋ ವರ್ಷ ಮೊದಲಿನ ಕಥೆ. ಅದಕ್ಕೆ ಒಂದು ಮೀಮ್ ಕೂಡ ಬಂದಿರಲಿಲ್ಲ.

ಇನ್ನೊಂದು ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದೇ. ಹನ್ನೆರಡನೇ ಶತಮಾನದ ಕಲ್ಯಾಣ. ಚಮ್ಮಾರ ಹರಳಯ್ಯ ದಾರಿಯಲ್ಲಿ ಸಿಕ್ಕ ಬಸವಣ್ಣನಿಗೆ ಶರಣು ಅಂದ. ಬಸವಣ್ಣ ತಿರುಗಿ ಶರಣು ಶರಣಾರ್ಥಿ ಅಂದ. ತಾನು ಒಂದು ಸಲ ಹೇಳಿದ್ದಕ್ಕೆ ದೊಡ್ಡವರು ಎರಡು ಸಲ ಹೇಳಿದರಲ್ಲ, ಆ ಹೆಚ್ಚಿನ ಒಂದು ಶರಣಿನ ಋಣ ತೀರಿಸುವುದು ಹೇಗೆ ಅಂತ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನಿಗೆ ಪಾದರಕ್ಷೆ ಮಾಡಿದರಂತೆ. ಬೆಳಗಾವಿ, ಬಾಗಲಕೋಟೆ ಕಡೆಯ ಚಪ್ಪಲಿ ಮಾಡುವ ಕುಟುಂಬಗಳಲ್ಲಿ ಎಷ್ಟೋ ಜನ ತಮ್ಮ ಕಸುಬಿನ ಬೇರನ್ನು ಈ ಹರಳಯ್ಯನಲ್ಲೇ ಕಾಣುತ್ತಾರೆ.

ಚಿಕ್ಕಂದಿನಲ್ಲಿ ಈ ಕಥೆಯಲ್ಲಿ ನನಗೆ ಕಂಡದ್ದು ರಕ್ತ ಮಾತ್ರ. ಈಗ ಓದಿದರೆ ಬೇರೆಯದೇ ಕಾಣುತ್ತದೆ. ಒಬ್ಬರು ಇನ್ನೊಬ್ಬರನ್ನು ಗುರುತಿಸಿ, ಹೆಸರು ಹಿಡಿದು, ಮರ್ಯಾದೆ ಕೊಟ್ಟು ಮಾತಾಡಿಸುವುದಕ್ಕೆ ಅಲ್ಲಿ ಎಷ್ಟು ತೂಕ ನೋಡಿ. ಒಂದೇ ಒಂದು ಹೆಚ್ಚಿನ ಶರಣು, ಅದಕ್ಕೆ ಮೈಯ ಚರ್ಮ. ಮಿಲಾನ್‌ನ ಕಾಗದದಲ್ಲಿ ಆ ಮೊದಲ ಶರಣೂ ಇರಲಿಲ್ಲ. ಮತ್ತೆ, ಚಪ್ಪಲಿ ಮಾಡುವ ಕೈಯನ್ನು ಮನೆಯೊಳಗೆ ಬಿಟ್ಟುಕೊಳ್ಳದ ಜಾತಿ ವ್ಯವಸ್ಥೆ ನಮ್ಮದೇ ಅಲ್ವಾ? ‘ನಮ್ಮ ಪರಂಪರೆ ಕದ್ದರು’ ಅನ್ನುವಾಗ ಆ ‘ನಮ್ಮ’ ಅನ್ನುವ ಶಬ್ದವನ್ನು ಸ್ವಲ್ಪ ಮೆಲ್ಲಗೆ ಹೇಳಬೇಕು ಅಂತ ನನಗನಿಸುತ್ತದೆ.

ಅದೇ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ಇನ್ನೊಂದು ನಡೆಯಿತು. ಡಿಯೋರ್‌ನ ಹೊಸ ಡಿಸೈನರ್ ಜೊನಾಥನ್ ಆಂಡರ್ಸನ್ ಅವರ ಮೊದಲ ಶೋದಲ್ಲಿ ಲಖನೌದ ಮುಕೈಶ್ ಕಸೂತಿ ಇದ್ದ ಒಂದು ಕೋಟು ಬಂತು, ಎರಡು ಲಕ್ಷ ಡಾಲರ್ ಬೆಲೆಯದಂತೆ ಅಂತ ವರದಿಯಾಯಿತು. ಅಲ್ಲೂ ಕಸೂತಿಯ ಊರಿನ ಹೆಸರು ಹೇಳಲಿಲ್ಲ ಅಂತ ಜನ ಮಾತಾಡಿದರು. ತಮಾಷೆ ಅಂದರೆ ಇದೇ ಡಿಯೋರ್ 2023ರ ಮಾರ್ಚ್ 30ರಂದು ಮುಂಬೈಯ ಗೇಟ್‌ವೇ ಆಫ್ ಇಂಡಿಯಾದ ಎದುರು ಶೋ ಮಾಡಿ, ಕಸೂತಿ ಮಾಡಿದ ಚಾಣಕ್ಯ ಸಂಸ್ಥೆಯ ಹೆಸರನ್ನು ಬಾಯ್ತುಂಬ ಹೇಳಿತ್ತು. ಹೇಳಲು ಬರುತ್ತದೆ ಅವರಿಗೆ. ಮನಸ್ಸಿದ್ದರೆ, ಅಥವಾ ಯಾರಾದರೂ ಕೇಳುತ್ತಾರೆ ಅನ್ನುವ ಹೆದರಿಕೆಯಿದ್ದರೆ.

ಕಾನೂನು ಏನು ಹೇಳುತ್ತದೆ ಅಂತ ತಂಗಿಗೂ ನನಗೂ ಜೋರು ಚರ್ಚೆ. ಜಿಐ ಟ್ಯಾಗ್ ಇದ್ದ ಮೇಲೆ ಕೇಸು ಹಾಕಿದರಾಯಿತಲ್ಲ ಅಂತ ನಾನು. ಅಷ್ಟು ಸುಲಭ ಇಲ್ಲ. ಜಿಐ ಕಾಯುವುದು ಮುಖ್ಯವಾಗಿ ಹೆಸರನ್ನು. ಎಂಟು ಜಿಲ್ಲೆಯ ಹೊರಗೆ ಮಾಡಿದ್ದನ್ನು ‘ಕೊಲ್ಹಾಪುರಿ’ ಅಂತ ಮಾರಿದರೆ ತಪ್ಪು. ಆದರೆ ಅದೇ ಆಕಾರದ ಚಪ್ಪಲಿ ಮಾಡಿ ಬರೀ ‘ಸ್ಯಾಂಡಲ್’ ಅಂದರೆ ಹಿಡಿಯುವುದು ಕಷ್ಟ. ಮೇಲಾಗಿ ನಮ್ಮ ನೋಂದಣಿ ನಮ್ಮ ದೇಶದ ಗಡಿಯೊಳಗಿನದು. ಅಂದರೆ ಹೆಸರು ಹೇಳದೆ ಇದ್ದದ್ದು ಅವಮಾನ ಮಾತ್ರ ಅಲ್ಲ, ಕಾನೂನಿನ ಲೆಕ್ಕದಲ್ಲಿ ಅದೇ ಅನುಕೂಲ! ಬಾಂಬೆ ಹೈಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಜುಲೈಯಲ್ಲಿ ವಜಾ ಆಯಿತು. ಹಕ್ಕು ಇರುವುದು ನೋಂದಣಿ ಮಾಡಿಸಿಕೊಂಡವರಿಗೆ, ಕೇಳುವುದಿದ್ದರೆ ಅವರು ಬರಲಿ ಅನ್ನುವ ನಿಲುವು ಕೋರ್ಟಿನದು. ಹಾಗಾಗಿ ಕೊನೆಗೆ ಪ್ರಾಡಾವನ್ನು ಮಾತುಕತೆಗೆ ತಂದದ್ದು ಕೋರ್ಟಲ್ಲ, ಲಕ್ಷಾಂತರ ಜನರ ಗೊಣಗಾಟ.

ಪಣಂಬೂರಿನಲ್ಲಿ ಕೂತು ಇದನ್ನು ಯೋಚಿಸುವಾಗ ಬಂದರು ನೆನಪಾಗದೆ ಇರುವುದಿಲ್ಲ. 1970ರ ದಶಕದಲ್ಲಿ ಶುರುವಾದ ನವ ಮಂಗಳೂರು ಬಂದರಿನಿಂದ ಕೊಡಗು, ಚಿಕ್ಕಮಗಳೂರಿನ ಕಾಫಿ ಬೀಜ ಹಡಗು ಹತ್ತುತ್ತದೆ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಯಾವುದು ಗೊತ್ತಾ? ಇಟಲಿ. ಅಲ್ಲಿ ಅದು ಬೇರೆ ಬೇರೆ ಬೀಜಗಳ ಜೊತೆ ಬೆರೆತು, ಹುರಿದು, ಇಟಾಲಿಯನ್ ಎಸ್ಪ್ರೆಸೋ ಅಂತ ಹೆಸರು ಪಡೆದು, ಮತ್ತೆ ನಮ್ಮ ಮಾಲ್‌ಗೇ ಬರುತ್ತದೆ. ನಾವು ಅದರ ಫೋಟೊ ತೆಗೆದು ಸ್ಟೇಟಸ್ ಹಾಕುತ್ತೇವೆ. ಚಪ್ಪಲಿಗೆ ಬಂದ ಸಿಟ್ಟು ಕಾಫಿಗೆ ಯಾಕೆ ಬರುವುದಿಲ್ಲ ಅಂತ ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ.

ಇನ್ನು ಖಾಕಿ. ಯಾವ ಸೀಸನ್ ಇರಲಿ, ರ‍್ಯಾಂಪ್ ಮೇಲೆ ಒಂದಾದರೂ ಖಾಕಿ ಕೋಟು, ಖಾಕಿ ಪ್ಯಾಂಟು ಇರುತ್ತದೆ. ಈ ಬಣ್ಣಕ್ಕೂ ಮಂಗಳೂರಿಗೂ ನಂಟಿದೆ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್‌ನವರು ಬಲ್ಮಠದಲ್ಲಿ ನೇಯ್ಗೆ ಕಾರ್ಖಾನೆ ನಡೆಸುತ್ತಿದ್ದರು. ಅಲ್ಲಿ ಜಾನ್ ಹಾಲರ್ ಎಂಬವರು 1850ರ ದಶಕದ ಆರಂಭದಲ್ಲಿ ಖಾಕಿ ಬಣ್ಣ ಕಂಡುಹಿಡಿದರು ಅಂತ ನಮ್ಮೂರಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ನ್ಯಾಯವಾಗಿ ಹೇಳುವುದಾದರೆ ಮಣ್ಣಿನ ಬಣ್ಣ ಎಂಬರ್ಥದ ಆ ಶಬ್ದ, ಆ ಬಣ್ಣದ ಸೈನಿಕ ಉಡುಪು ಪೇಶಾವರದ ಕಡೆ ಅದಕ್ಕೂ ಸ್ವಲ್ಪ ಮೊದಲೇ ಇತ್ತು. ಒಗೆದರೆ ಹೋಗದ ಬಣ್ಣವಾಗಿ ಅದು ಬಟ್ಟೆಗೆ ಕೂತದ್ದು ಇಲ್ಲಿ ಅನ್ನುವುದು ಮಂಗಳೂರಿನವರ ವಾದ. ಇರಲಿ. ನನಗೆ ಕುತೂಹಲ ಬೇರೆ. ಹಾಲರ್ ಹೆಸರು ನಮಗೆ ಗೊತ್ತು. ಆ ಬಣ್ಣದ ಬಾನಿಯಲ್ಲಿ ಕೈ ಅದ್ದಿದ, ಆ ಮಗ್ಗದಲ್ಲಿ ಕೂತ ಊರಿನವರ ಒಂದು ಹೆಸರಾದರೂ ನಮ್ಮಲ್ಲಿ ಯಾರ ಬಾಯಲ್ಲಾದರೂ ಇದೆಯಾ?

ಡಿಸೆಂಬರ್‌ನಲ್ಲಿ ಚಪ್ಪಲಿಯ ಕಥೆಗೆ ಒಂದು ತಿರುವು ಬಂತು. ಪ್ರಾಡಾ ಲಿಡ್ಕಾಂ ಮತ್ತು ಲಿಡ್ಕರ್ ಎರಡರ ಜೊತೆಯೂ ಒಪ್ಪಂದಕ್ಕೆ ಮುಂದಾಯಿತು. ಮಹಾರಾಷ್ಟ್ರ ಮತ್ತು ಕರ್ನಾಟಕದ ಕುಶಲಕರ್ಮಿಗಳ ಕೈಯಲ್ಲೇ 2,000 ಜೋಡಿ ಮಾಡಿಸಿ, 2026ರ ಫೆಬ್ರವರಿಯಿಂದ ಜಗತ್ತಿನ 40 ಅಂಗಡಿಗಳಲ್ಲಿ ಮತ್ತು ಆನ್‌ಲೈನ್‌ನಲ್ಲಿ ಮಾರುವುದು, ಬೆಲೆ ಸುಮಾರು 800 ಯೂರೊ, ಜೊತೆಗೆ ತರಬೇತಿಯ ಕಾರ್ಯಕ್ರಮ ಅಂತ ಕಂಪನಿ ಹೇಳಿತು. ಈ ಸಲ ಕಾಗದದಲ್ಲಿ ಕರ್ನಾಟಕದ ಹೆಸರಿತ್ತು. ತಂಗಿ ಕುಣಿದಾಡಿದಳು. ಅಪ್ಪ ಮಾತ್ರ ಬ್ಯಾಂಕಿನವರ ಹಾಗೆ ಕೇಳಿದರು: “ಎಂಟು ಜಿಲ್ಲೆಗೆ ಒಟ್ಟು ಎರಡು ಸಾವಿರ ಜೋಡಿಯಾ? ಅದರಲ್ಲಿ ಹೊಲಿದವನ ಕೈಗೆ ಎಷ್ಟು?”

ಒಳ್ಳೆಯ ಪ್ರಶ್ನೆ. ಎಂಟು ಜಿಲ್ಲೆಗೆ ಹಂಚಿದರೆ ಜಿಲ್ಲೆಗೆ 250 ಜೋಡಿ. ಗೆದ್ದದ್ದು ಹೆಸರು. ಹೊಟ್ಟೆಯ ಲೆಕ್ಕ ಬೇರೆ. ಅದು ಮಿಲಾನ್‌ನಿಂದ ತುಂಬುವುದಲ್ಲ, ನಮ್ಮ ನಿಮ್ಮಂಥವರು ವರ್ಷಕ್ಕೆ ಒಂದು ಜೋಡಿ ಕೊಂಡರೆ ತುಂಬುವುದು.

ಇಲ್ಲಿಗೆ ಬಂದಾಗ ನನಗೆ ಅಜ್ಜಿಯ ಸೀರೆ ನೆನಪಾಯಿತು. ಅಜ್ಜಿ ಉಡುತ್ತಿದ್ದದ್ದು ಊರಿನ ಕೈಮಗ್ಗದ ಹತ್ತಿ ಸೀರೆ. ತೆಳು, ಆದರೆ ಗಟ್ಟಿ. ಮೈಯೆಲ್ಲ ಒಂದು ಬಣ್ಣ, ಅಂಚು ಮತ್ತು ಸೆರಗು ಎದ್ದು ಕಾಣುವ ಇನ್ನೊಂದು ಬಣ್ಣ, ಕೆಲವದರಲ್ಲಿ ಸಣ್ಣ ಬುಟ್ಟಾ. ಏಪ್ರಿಲ್ ತಿಂಗಳಲ್ಲಿ ನಮ್ಮ ಬೆವರು ಸೆಕೆಗೆ ಅದರಷ್ಟು ಹಿತವಾದದ್ದು ಇನ್ನೊಂದಿಲ್ಲ ಅಂತ ಅಮ್ಮ ಈಗಲೂ ಹೇಳುತ್ತಾರೆ. ಹಳತಾದರೆ ತೊಟ್ಟಿಲಿಗೆ ಕಟ್ಟುವುದು, ಇನ್ನೂ ಹಳತಾದರೆ ಒರೆಸುವ ಬಟ್ಟೆ. ಅದಕ್ಕೊಂದು ಹೆಸರಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಉಡುಪಿ ಸೀರೆ. ಅದಕ್ಕೂ ಜಿಐ ಟ್ಯಾಗ್ ಇದೆ, 2016ರದು.

ಪಣಂಬೂರಿನಿಂದ ಹೆದ್ದಾರಿಯಲ್ಲಿ ಸುರತ್ಕಲ್ ದಾಟಿ, ಹಳೆಯಂಗಡಿಯಲ್ಲಿ ಬಲಕ್ಕೆ ತಿರುಗಿದರೆ ಕಿನ್ನಿಗೋಳಿ. ಇಪ್ಪತ್ತೈದು ಕಿಲೋಮೀಟರ್ ಆಸುಪಾಸು. ಅಲ್ಲಿಯ ತಾಳಿಪಾಡಿ ನೇಕಾರರ ಸಹಕಾರಿ ಸಂಘದಲ್ಲಿ ಈ ಸೀರೆ ಇವತ್ತಿಗೂ ನೇಯುತ್ತಾರೆ. ಒಂದು ಕಾಲದಲ್ಲಿ ಎರಡೂ ಜಿಲ್ಲೆಯ ಶೆಟ್ಟಿಗಾರರ ಎಷ್ಟೋ ಮನೆಗಳಲ್ಲಿ ಮಗ್ಗದ ಸದ್ದಿತ್ತು. ಆಮೇಲೆ ಪವರ್‌ಲೂಮ್ ಬಂತು, ಒಗೆದ ಅರ್ಧ ಗಂಟೆಗೆ ಒಣಗುವ ಪಾಲಿಯೆಸ್ಟರ್ ಬಂತು. ನಮ್ಮ ಮಳೆಗಾಲ ಗೊತ್ತಿದ್ದವರು ಆ ಪಾಲಿಯೆಸ್ಟರ್ ಕೊಂಡ ಹೆಂಗಸರನ್ನು ಬೈಯಲಾರರು. ನೇಕಾರರ ಮಕ್ಕಳು ಓದಿದರು, ಮುಂಬೈಗೆ ಹೋದರು, ಗಲ್ಫಿಗೆ ಹೋದರು. ಹೋಗದೆ ಏನು ಮಾಡುತ್ತಾರೆ? ಕತ್ತು ಬಗ್ಗಿಸಿ ದಿನವಿಡೀ ಮಗ್ಗದಲ್ಲಿ ಕೂತರೂ ಕೂಲಿ ಕೆಲಸದಷ್ಟು ದುಡ್ಡು ಹುಟ್ಟದಿದ್ದರೆ ಯಾರು ಕೂರುತ್ತಾರೆ? ಜಿಐ ಟ್ಯಾಗ್ ಬಂದ ಹೊತ್ತಿಗೆ ನೇಯುವವರು ಬೆರಳಿನಲ್ಲಿ ಎಣಿಸುವಷ್ಟು, ಅವರಲ್ಲೂ ಹೆಚ್ಚಿನವರು ವಯಸ್ಸಾದವರು.

ಈ ಸೀರೆಯನ್ನು ಪ್ರಾಡಾ ಕದಿಯಲಿಲ್ಲ. ಡಿಯೋರ್ ಕದಿಯಲಿಲ್ಲ. ಯಾರೂ ರ‍್ಯಾಂಪ್ ಮೇಲೆ ಹಾಕಲಿಲ್ಲ, ಯಾರೂ ಮೀಮ್ ಮಾಡಲಿಲ್ಲ. ಕಳ್ಳರೇ ಇಲ್ಲದೆ ಅದು ಕಳೆದುಹೋಗುವುದರಲ್ಲಿತ್ತು. ನಮ್ಮ ಕಪಾಟಿನಿಂದ, ನಮ್ಮೆದುರೇ. ರ‍್ಯಾಂಪ್ ನೋಡಿ ‘ನಮ್ಮದು ಕದ್ದರು’ ಅಂತ ಬರೆಯುವುದು ಸುಲಭ, ನಾನೂ ಬರೆದವಳೇ. ‘ನಮ್ಮದು ನಾವೇ ಕೊಳ್ಳಲಿಲ್ಲ’ ಅಂತ ಬರೆಯಲು ಯಾವ ಹ್ಯಾಶ್‌ಟ್ಯಾಗ್ ಇದೆ?

ಕಥೆ ಅಲ್ಲಿಗೇ ಮುಗಿಯಲಿಲ್ಲ ಅನ್ನುವುದು ಸಮಾಧಾನ. ಕಾರ್ಕಳದ ಮಮತಾ ರೈ ಮತ್ತು ಬಿ.ಸಿ. ಶೆಟ್ಟಿ ಅವರ ಕದಿಕೆ ಟ್ರಸ್ಟ್ ತಾಳಿಪಾಡಿಯ ಸಂಘದ ಜೊತೆ ಸೇರಿ ಕೆಲಸ ಶುರು ಮಾಡಿತು. ಅವರು ಮಾಡಿದ್ದು ದೊಡ್ಡ ಡಿಸೈನ್ ಕ್ರಾಂತಿ ಏನಲ್ಲ. ಸೀರೆಯ ಜೊತೆ ಒಂದು ಚೀಟಿ ಇಟ್ಟರು, ಅದರಲ್ಲಿ ನೇಯ್ದವರ ಹೆಸರು ಮತ್ತು ಫೋಟೊ. ನನಗೆ ಇದು ರ‍್ಯಾಂಪ್ ಮೇಲಿನ ಯಾವ ಐಡಿಯಾಕ್ಕಿಂತಲೂ ದೊಡ್ಡದು ಅನಿಸುತ್ತದೆ. ಬ್ರ್ಯಾಂಡ್ ಅಂದರೆ ಮಾಡಿದವನ ಹೆಸರು ಅಳಿಸಿ ಮಾರುವವನ ಹೆಸರು ಬರೆಯುವುದು. ಇಲ್ಲಿ ಲೇಬಲ್ ತಲೆಕೆಳಗಾಯಿತು. ಹೊಸಬರಿಗೆ ನೇಯ್ಗೆಯ ತರಬೇತಿಯೂ ನಡೆಯಿತು, ಹೆಂಗಸರು ಕಲಿಯಲು ಬಂದರು. ನೈಸರ್ಗಿಕ ಬಣ್ಣದ ಸೀರೆಗಳೂ ಬಂದವು. ಅದರಲ್ಲಿ ನನ್ನ ಮೆಚ್ಚಿನದು ಅಡಿಕೆಯ ಚೊಗರಿನಲ್ಲಿ ಅದ್ದಿದ ನೂಲಿನದು. ಅಡಿಕೆ ಬೇಯಿಸಿದಾಗ ಉಳಿಯುವ ಆ ಕೆಂಗಂದು ರಸ, ನಮ್ಮ ತೋಟದ ಮನೆಗಳಲ್ಲಿ ಬಟ್ಟೆಗೆ ಬಿದ್ದರೆ ಬೈಗುಳ ಗ್ಯಾರಂಟಿ ಇದ್ದ ಕಲೆ, ಈಗ ಸೀರೆಯ ಬಣ್ಣ.

ತಂಗಿಯನ್ನು ಕರೆದುಕೊಂಡು ಒಂದು ಸೀರೆ ತಂದೆ. ಬೆಲೆ ಮನೆಮಂದಿಯೆಲ್ಲ ಹೊರಗೆ ಒಂದು ಒಳ್ಳೆಯ ಊಟ ಮಾಡಿದ ಬಿಲ್ಲಿನಷ್ಟು. ಅವಳಿಗೆ ಕಾಲೇಜಿನಲ್ಲಿ ಹಾಸು, ಹೊಕ್ಕು ಎರಡೂ ಪವರ್‌ಪಾಯಿಂಟಿನಲ್ಲಿ ಕಲಿಸಿದ್ದರು. ಲಾಳಿ ಆಚೆಯಿಂದ ಈಚೆಗೆ ಹೋಗುವಾಗ ಕೈ ಮತ್ತು ಕಾಲು ಒಟ್ಟಿಗೆ ಲೆಕ್ಕ ಇಡುವುದನ್ನು, ಒಂದು ಎಳೆ ತುಂಡಾದರೆ ಅಷ್ಟು ನೂಲಿನ ನಡುವೆ ಅದನ್ನೇ ಹುಡುಕಿ ಗಂಟು ಹಾಕುವುದನ್ನು ನೋಡಿದ ಮೇಲೆ ಸುಮಾರು ಹೊತ್ತು ಮಾತೇ ಆಡಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ, “ಅಕ್ಕ, ನಾನು ಇಷ್ಟು ದಿನ ಕಲೆಕ್ಷನ್ ಅಂದರೆ ಡಿಸೈನರ್ ಮಾಡಿದ್ದು ಅಂದ್ಕೊಂಡಿದ್ದೆ” ಅಂದಳು. ಅಸೈನ್‌ಮೆಂಟು ಮೂರನೇ ಸಲ ತಿದ್ದಿದಳು. ಮಾರ್ಕ್ಸ್ ಅಂಥದ್ದೇನೂ ಬರಲಿಲ್ಲ, ‘ವಿಷಯಾಂತರ’ ಅಂತ ಮೇಡಂ ಬರೆದಿದ್ದರಂತೆ.

ಇದನ್ನು ಓದಿ ಯಾರಿಗಾದರೂ ಕೊಲ್ಹಾಪುರಿ ತರುವ ಮನಸ್ಸಾದರೆ ಅಪ್ಪನ ಎರಡು ಮಾತು. ಹೊಸ ಜೋಡಿ ಕಚ್ಚುತ್ತದೆ, ಹೆದರಬೇಡಿ. ರಾತ್ರಿ ಸ್ವಲ್ಪ ಎಣ್ಣೆ ಸವರಿಟ್ಟು ದಿನಾ ಒಂದು ಗಂಟೆ ಮನೆಯೊಳಗೆ ಹಾಕಿ ನಡೆದರೆ ವಾರದಲ್ಲಿ ನಿಮ್ಮ ಪಾದದ ಅಚ್ಚಿಗೆ ಬರುತ್ತದೆ. ಮಳೆಯಲ್ಲಿ ಹಾಕಲೇಬಾರದು. ಅಂಗಡಿಯಲ್ಲಿ ಅಟ್ಟೆ ಬಗ್ಗಿಸಿ ನೋಡಿ, ಮೂಗಿನ ಹತ್ತಿರ ಹಿಡಿಯಿರಿ. ಚರ್ಮದ ವಾಸನೆ ಬರಬೇಕು, ಅಂಟಿನದ್ದಲ್ಲ. ಮತ್ತೆ, ಎಲ್ಲಿ ಮಾಡಿದ್ದು ಅಂತ ಕೇಳಿ. ಅಂಗಡಿಯವನಿಗೆ ಗೊತ್ತಿಲ್ಲದೆ ಇರಬಹುದು. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಹೇಳಲು ಅವನು ತಿಳಿದುಕೊಂಡಿರುತ್ತಾನೆ.

ಮೊನ್ನೆ ಒಂದು ಮದುವೆಗೆ ಆ ಚೊಗರಿನ ಸೀರೆ ಉಟ್ಟುಕೊಂಡು ಹೋದೆ. ಸುತ್ತ ಎಲ್ಲ ಮಿರಿಮಿರಿ ರೇಷ್ಮೆ, ಸೀಕ್ವಿನ್ಸ್ ಲೆಹೆಂಗಾ. ಒಂದು ಕ್ಷಣ ಅಳುಕಾದದ್ದು ಹೌದು, ಸುಳ್ಳು ಯಾಕೆ ಹೇಳಲಿ? ಊಟದ ಸಾಲಿನಲ್ಲಿ ಪಕ್ಕ ಕೂತ ದೊಡ್ಡಮ್ಮ ಸೆರಗು ಹಿಡಿದು ಬೆರಳಿನಲ್ಲಿ ಉಜ್ಜಿ ನೋಡಿದರು.

“ಎಲ್ಲಿ ಸಿಕ್ಕಿತು ಮಾರಾಯ್ತಿ ಇದು? ಅತ್ತೆ ಉಡ್ತಾ ಇದ್ದದ್ದು ಹೀಗೇ ಉಂಟಲ್ಲ!”

ಕಿನ್ನಿಗೋಳಿಯದ್ದು ಅಂದೆ. ನೇಯ್ದವರ ಹೆಸರೂ ಹೇಳಿದೆ, ಚೀಟಿಯಲ್ಲಿ ಇತ್ತಲ್ಲ.

“ಹೌದಾ? ಅವರು ಯಾರ ಪೈಕಿ?” ಅಂತ ಶುರುವಾಯಿತು ದೊಡ್ಡಮ್ಮನ ವಿಚಾರಣೆ. ಪಾಯಸ ಬಡಿಸುವವರೆಗೂ ಅದೇ. ಕೊನೆಗೆ ಕೈ ತೊಳೆಯಲು ಏಳುವಾಗ, “ಬಣ್ಣ ಬಿಡ್ತದಾ ಇದು? ಬಿಡದಿದ್ದರೆ ನನಗೂ ಒಂದು ತಂದುಕೊಡು. ಅಂಚು ಮಾತ್ರ ಸ್ವಲ್ಪ ಅಗಲದ್ದು ಇರಲಿ” ಅಂದರು.